ಮಾತಿನ ಸುತ್ತು

ನೋವೈ, ಮಿಶಿಗನ್
24-2-2009, ಮಂಗಳವಾರ

ಪ್ರೀತಿಯ ಪದ್ಮಾ,

ಲಿಸ್ಲ್‌ನಲ್ಲಿ ನೀನು, ಸುಹಾಸಿನಿ, ಅಳಿಯಂದಿರು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿ ನಿನ್ನ ಅಕ್ಕ ಬರೆಯಲು ಕೂತಿದ್ದೇನೆ. ದಿನಾ ಫೋನಿನಲ್ಲಿ ಸಿಗುವವಳು ಕಾಗದ ಯಾಕೆ ಬರೆದಳೆಂದು ಗಾಬರಿಯಾಗಬೇಡ. ಫೋನಿರುವುದು ಹಾಲ್‌ನಲ್ಲಿ. ಈ ಮರದ ಮನೆಯಲ್ಲಿ ಪಿಸುಮಾತೂ ಮಹಡಿ ಹತ್ತುತ್ತದೆ. "ಯಾಕಕ್ಕಾ ಧ್ವನಿ ಸಣ್ಣಗಿದೆ?" ಎಂದು ನೀನು ಕೇಳಿದಾಗಲೆಲ್ಲ ನೆಗಡಿ ಅಂದೆ. ಚಳಿಗಾಲ ಪೂರ್ತಿ ಯಾರಿಗೆ ನೆಗಡಿ ಇರುತ್ತದೆ ಹೇಳು.

ನಮ್ಮ ಮನೋಹರನ ಕೆಲಸ ಡಿಸೆಂಬರ್‌ನಲ್ಲೇ ಹೋಗಿದೆ.

ಅವನು ನನಗೆ ಹೇಳಲಿಲ್ಲ. ಛಾಯಾಳೂ ಹೇಳಲಿಲ್ಲ. ಪಾಪ, ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಎರಡೆರಡು ಶಿಫ್ಟ್ ಮಾಡುತ್ತಾಳೆ, ಕೇಳಿದರೆ ಜನ ಕಡಿಮೆ ಅತ್ತೆ ಅನ್ನುತ್ತಾಳೆ. ಇವನು ಮಾತ್ರ ಮೊದಲಿನ ಹಾಗೇ ಬೆಳಿಗ್ಗೆ ಟೈ ಕಟ್ಟಿ, ನಾನು ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದ.

ನನಗೆ ಗೊತ್ತಾದದ್ದು ನಮ್ಮ ಜಪಾನಿ ಹೆಂಗಸರ ಗುಂಪಿನಿಂದ. ಇಲ್ಲಿ ಕಾರಿಲ್ಲದೆ ಹೊರಗೆ ಕಾಲಿಡುವ ಹಾಗಿಲ್ಲ, ನನಗೆ ಡ್ರೈವ್ ಮಾಡಲು ಬಾರದು. ಕಿಟಕಿಯಲ್ಲಿ ನೋಡಿದರೆ ಪೋಸ್ಟಿನ ಡಬ್ಬ, ಅದರಾಚೆ ಹಿಮ, ಅದರಾಚೆ ಖಾಲಿ ಮನೆಗಳ ಮುಂದೆ ನೆಟ್ಟ ಮಾರಾಟದ ಬೋರ್ಡು. ಇಷ್ಟೇ ನನ್ನ ಲೋಕ. ವಾರಕ್ಕೊಮ್ಮೆ ಮಂಗಳವಾರ ಸಚಿಯೊ ಬಂದು ಹಾರ್ನ್ ಮಾಡಿದರೆ ನನಗೆ ಬಾಗಿಲು ತೆರೆದ ಹಾಗೆ. ಅವಳ ಗಂಡ ಇಲ್ಲಿನ ಕಾರಿನ ಬಿಡಿಭಾಗಗಳ ಕಂಪನಿಗೆ ಜಪಾನಿನಿಂದ ಬಂದವನು. ಅಂಥವರ ಹೆಂಡಿರು ಏಳು ಜನ ಪಕ್ಕದೂರಿನ ಲೈಬ್ರರಿಯಲ್ಲಿ ಸೇರಿ ಇಂಗ್ಲಿಷ್ ಮಾತಾಡಲು ಕಲಿಯುತ್ತಾರೆ. ಮಾತಾಡಿಸುವವಳು ನಾನು. ಮಕ್ಕಳ ಪಠ್ಯಪುಸ್ತಕ ಕದ್ದು ಓದಿ ಇಂಗ್ಲಿಷ್ ಕಲಿತವಳು ಈಗ ಮೇಷ್ಟ್ರಮ್ಮ ಎಂದು ನೀನು ನಗಬಹುದು. ಲೈಬ್ರರಿಯಾಕೆ ಹೇಳಿದ್ದು ಬೇರೆ. ನಿಧಾನವಾಗಿ ಮಾತಾಡುವವರೇ ಬೇಕು, ನಮ್ಮ ಅಮೆರಿಕದವರ ಮಾತು ಇವರಿಗೆ ಸಿಕ್ಕುವುದೇ ಇಲ್ಲ ಅಂದಳು.

ಅಲ್ಲೊಂದು ಪದ್ಧತಿ ಇದೆ. ಒಬ್ಬರು ಪ್ರಶ್ನೆ ಕೇಳಬೇಕು, ಇನ್ನೊಬ್ಬರು ಗಿಡ್ಡ ವಾಕ್ಯದಲ್ಲಿ ಉತ್ತರಿಸಬೇಕು. ಆಮೇಲೆ ಸುತ್ತ ಕೂತವರು ಒಬ್ಬೊಬ್ಬರಾಗಿ ಆ ಉತ್ತರವನ್ನೇ ತಿರುಗಿ ಹೇಳಿ, ತಮ್ಮದೊಂದು ವಾಕ್ಯ ಸೇರಿಸಬೇಕು. ಕೊನೆಯ ಸರದಿ ನನ್ನದು. ತಪ್ಪಿಸಿಕೊಳ್ಳುವ ಹಾಗಿಲ್ಲ. ಒಮ್ಮೆ ನನಗೆ ಬದನೆಕಾಯಿ ಇಷ್ಟ ಅಂದುಬಿಟ್ಟೆ. ಕೌಸಲ್ಯಾಗೆ ಬದನೆಕಾಯಿ ಇಷ್ಟ ಎಂದು ಏಳು ಜನ ಸಾರಿದರು. ಮುಂದಿನ ವಾರ ಮೇಜಿನ ತುಂಬ ಬದನೆಕಾಯಿ.

ಸಂಕ್ರಾಂತಿಯ ವಾರ ಹಿಮ ಬಿದ್ದು ಮಂಗಳವಾರದ ಗುಂಪು ಗುರುವಾರಕ್ಕೆ ಹೋಯಿತು. ನಾವು ಕೂರುವ ಕೋಣೆಗೆ ಗಾಜಿನ ಗೋಡೆ. ಅದರಾಚೆ ಕಂಪ್ಯೂಟರ್ ಸಾಲಿನಲ್ಲಿ ನನಗೆ ಗೊತ್ತಿರುವ ಒಂದು ಬೆನ್ನು ಕಂಡಿತು. ಹೆತ್ತವಳಿಗೆ ಬೆನ್ನು ಸಾಕು. ನಾನು ಕುರ್ಚಿ ತಿರುಗಿಸಿ ಕೂತೆ. ಮಧ್ಯಾಹ್ನ ಮನೆಗೆ ಹೊರಟಾಗ ನೋಡುತ್ತೇನೆ, ಪಾರ್ಕಿಂಗ್‌ನ ಮೂಲೆಯಲ್ಲಿ, ಕಾರಿನೊಳಗೆ, ಹ್ಯಾಟು ಕೋಟಿನಲ್ಲೇ ಮನೋಹರ ತಣ್ಣಗಾದ ಬಿಸಿಬೇಳೆಬಾತು ತಿನ್ನುತ್ತಿದ್ದ. ಸಚಿಯೊ ನನ್ನನ್ನು ನೋಡಿದಳು, ಅವನನ್ನು ನೋಡಿದಳು, ಬೇರೆ ದಾರಿಯಿಂದ ವ್ಯಾನು ತೆಗೆದಳು.

ಮನೆಗೆ ಬಂದು ಬಿಸಿಯಾಗಿ ತಿನ್ನೋ ಎಂದು ಹೇಗೆ ಹೇಳಲಿ? ಹೇಳಿದರೆ ನನಗೆ ಗೊತ್ತಿದೆ ಎಂದಾಯಿತು. ನನಗೆ ನೋವಾಗಬಾರದೆಂದು ಅವನು ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ನಾನೇ ಕೆಡವಿದರೆ, ಆ ಹುಡುಗ ಮುಖ ಎಲ್ಲಿ ಇಟ್ಟುಕೊಳ್ಳಬೇಕು? ಹುಡುಗ ಅಂದೆ ನೋಡು, ನಲವತ್ತು ದಾಟಿದವನನ್ನು. ಅವನು ಟೈಯೊಳಗೆ ಸಿಕ್ಕಿಕೊಂಡ, ನಾನು ಅಡುಗೆಮನೆಯಲ್ಲಿ. ನನ್ನ ಕೈಲಾದದ್ದು ಒಂದೇ, ಅಂದಿನಿಂದ ತಣ್ಣಗಾದರೂ ಗಂಟಲಿಗಿಳಿಯುವ ಅಡುಗೆ ಮಾಡಿದೆ. "ಏನಮ್ಮಾ, ದಿನಾ ಚಪಾತಿನೇ? ಅಕ್ಕಿ ಖಾಲಿಯಾಯ್ತಾ?" ಎಂದು ಕೇಳಿದ. ಡಾಕ್ಟರ್ ಹೇಳಿದಾರೆ ಕಣೋ, ಅಂದೆ. ಯಾವ ಡಾಕ್ಟರ್ ಎಂದು ಅವನೂ ಕೇಳಲಿಲ್ಲ.

ಈ ಮಧ್ಯೆ ಸಚಿಯೊಳ ಗಂಡನ ಆಫೀಸು ಮುಚ್ಚುವುದೆಂದಾಯಿತು. ಬರುವ ಶನಿವಾರ ಅವರು ಜಪಾನಿಗೆ ವಾಪಸು. ಕಳೆದ ಶುಕ್ರವಾರ ಅವಳ ಮನೆಯಲ್ಲೇ ಎಲ್ಲರೂ ಸೇರುವುದೆಂದಿತ್ತು. ಅಲ್ಲಿ ಸಾಮಾನು ಕಟ್ಟಿ ಕೂರಲು ಜಾಗವಿಲ್ಲವೆಂದು ಕೊನೆಗಳಿಗೆಯಲ್ಲಿ ನಮ್ಮಲ್ಲಿಗೆ ಬಂದರು. ಮುಂದಿನ ಮೆಟ್ಟಿಲಲ್ಲಿ ಮಂಜುಗಟ್ಟಿದ್ದರಿಂದ ಗರಾಜಿನಿಂದ ಒಳಗೆ ಕರೆದೆ. ನಮ್ಮ ಹಾಗೇ ಅವರೂ ಚಪ್ಪಲಿ, ಬೂಟು ಹೊರಗೆ ಬಿಡುವವರು. ಬಿಡುವುದಷ್ಟೇ ಅಲ್ಲ, ಬಗ್ಗಿ, ಹೊರಡುವಾಗ ಸುಲಭವಾಗಲೆಂದು ಮೂತಿ ಬಾಗಿಲ ಕಡೆಗೆ ತಿರುಗಿಸಿ ಸಾಲಾಗಿ ಇಡುತ್ತಾರೆ.

ಅಂದು ಲೈಬ್ರರಿಗೆ ರಜೆಯಂತೆ, ಆಮೇಲೆ ಗೊತ್ತಾಯಿತು. ಮನೆ ಖಾಲಿಯಿದೆ ಎಂದುಕೊಂಡು ಮನೋಹರ ಮಧ್ಯಾಹ್ನಕ್ಕೆ ಮುಂಚೆಯೇ ಬಂದ. ಆ ಬೂಟಿನ ಸಾಲಿನ ಮುಂದೆ ಡಬ್ಬಿ ಹಿಡಿದು ನಿಂತುಬಿಟ್ಟ. ಹಿಂದಕ್ಕೆ ಹೋಗುವ ಹಾಗಿಲ್ಲ, ಎಲ್ಲರೂ ಎದ್ದು ನಡು ಬಗ್ಗಿಸಿ ನಮಸ್ಕರಿಸಿದ್ದರು. ಸಚಿಯೊ ತನ್ನ ಪಕ್ಕ ಕುರ್ಚಿ ಎಳೆದಳು.

ಗುಂಪಿಗೆ ಹೊಸಬಳು, ಮಿನಾ ಎಂಬ ಚಿಕ್ಕ ವಯಸ್ಸಿನವಳು, ತಾನು ಮೊದಲು ಕಲಿತ ಪ್ರಶ್ನೆಯನ್ನೇ ಕೇಳಿದಳು. "ವಾಟ್ ಡು ಯು ಡು?"

ಮನೋಹರ ನನ್ನ ಮುಖ ನೋಡಿದ. ನಾನು ಉಪ್ಪಿಟ್ಟಿನ ಪಾತ್ರೆ ನೋಡಿದೆ. ನಮ್ಮ ಭಾಷೆಯಲ್ಲಾಗಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದನೋ ಏನೋ. ಆ ಹುಡುಗಿ ಕಣ್ಣರಳಿಸಿ, ಅರ್ಥ ಮಾಡಿಕೊಳ್ಳಲೇಬೇಕೆಂದು ಅವನ ಬಾಯನ್ನೇ ನೋಡುತ್ತಿದ್ದಳು. ಅವಳಿಗೆಂದೇ ಬಿಡಿಸಿ ಬಿಡಿಸಿ ಹೇಳಿದ. "ಐ ಲಾಸ್ಟ್ ಮೈ ಜಾಬ್. ಇನ್ ಡಿಸೆಂಬರ್."

ಸುತ್ತು ಶುರುವಾಯಿತು, ಪದ್ಮಾ. ನಿಲ್ಲಿಸುವವರು ಯಾರು? ಇವರ ಕೆಲಸ ಹೋಯಿತು, ನನ್ನ ಗಂಡನಿಗೆ ವಾರಕ್ಕೆ ಮೂರು ದಿನವೇ ಕೆಲಸ, ಅಂದಳು ಮಿನಾ. ಇವರ ಕೆಲಸ ಹೋಯಿತು, ನನ್ನ ಗಂಡ ರಾತ್ರಿ ಮಲಗುವುದಿಲ್ಲ, ಅಂದಳು ಇನ್ನೊಬ್ಬಳು. ಇವರ ಕೆಲಸ ಹೋಯಿತು, ನಾನು ಪಿಯಾನೋ ಮಾರಿದೆ. ನನ್ನ ಮಗನ ಕೆಲಸ ಹೋದದ್ದನ್ನು ಏಳು ಬಾಯಿಗಳು ಪಾಠದ ಹಾಗೆ ಒಪ್ಪಿಸುತ್ತಿದ್ದರೆ ಎದ್ದು ಓಡೋಣ ಅನಿಸಿತು. ಮನೋಹರ ತಲೆ ತಗ್ಗಿಸಿಯೇ ಕೂತಿದ್ದ. ಪಿಯಾನೋ ಮಾತಿಗೆ ತಲೆ ಎತ್ತಿದ. ಸಚಿಯೊ ಅಂದಳು, ಇವರ ಕೆಲಸ ಹೋಯಿತು, ನನಗೆ ವಾಪಸು ಹೋಗಲು ಮನಸ್ಸಿಲ್ಲ. ಮೂರು ವರ್ಷದಲ್ಲಿ ಅವಳ ಬಾಯಿಂದ ಈ ಮಾತು ಕೇಳಿರಲಿಲ್ಲ.

ನನ್ನ ಸರದಿ ಬಂತು. "ಮೈ ಸನ್ ಲಾಸ್ಟ್ ಹಿಸ್ ಜಾಬ್," ಅಂದೆ. ಆಮೇಲೆ ನನ್ನ ವಾಕ್ಯ. "ಹಿ ವಿಲ್ ಈಟ್ ಲಂಚ್ ಅಟ್ ಹೋಮ್."

ಎಲ್ಲರೂ ಹೋದ ಮೇಲೆ ಬಿಸಿ ಅನ್ನಕ್ಕೆ ಸಾರು ಬಡಿಸಿದೆ. "ನಿಂಗೆ ಯಾವಾಗಿಂದ ಗೊತ್ತಮ್ಮಾ?" ಅಂದ. "ಇವತ್ತೇ ಕಣೋ, ನೀನೇ ಹೇಳಿದ್ಯಲ್ಲ," ಅಂದೆ. ಎರಡು ಸಲ ಅನ್ನ ಹಾಕಿಸಿಕೊಂಡ. "ಚಿಕ್ಕಮ್ಮನ ಊರಿನ ಕಡೆ, ಡೆಸ್ ಪ್ಲೇನ್ಸ್‌ನಲ್ಲಿ ಒಂದು ಕೆಲಸಕ್ಕೆ ಅಪ್ಲೈ ಮಾಡಿದೀನಿ. ಸಿಕ್ಕಿದ್ರೂ ಹೆಂಗಮ್ಮಾ ಹೋಗೋದು, ಈ ಮನೆ ಕೊಳ್ಳೋರು ಯಾರು?" ಅಂದ. ನಾನು ಮಜ್ಜಿಗೆ ಹಾಕಿದೆ.

ನಿನ್ನ ಹತ್ತಿರ ಬಂದಿರು ಅಂತೀಯ. ಸದ್ಯ ಆಗದು ಪದ್ಮಾ. ಸಿಕ್ಕಿಕೊಂಡವರನ್ನು ಬಿಟ್ಟು ಒಬ್ಬಳೇ ಬಿಡಿಸಿಕೊಂಡು ಬರಲಾರೆ. ಇವತ್ತು ಮಂಗಳವಾರ. ಸಾಮಾನು ಕಟ್ಟುವ ಸಚಿಯೊ ಬರುವುದಿಲ್ಲವೆಂದು ಕಿಟಕಿಯ ಹತ್ತಿರ ಕೂತಿದ್ದೆ. ಮನೋಹರ ಬಂದು, "ಕೋಟು ಹಾಕ್ಕೋಮ್ಮಾ. ನಾನೂ ಅಲ್ಲಿಗೇ ತಾನೇ ಹೋಗೋದು," ಅಂದ. ಟೈ ಇರಲಿಲ್ಲ. ಗಾಜಿನ ಈಚೆ ನಾನು, ಆಚೆ ಅವನು. ಈ ಸಲ ಕುರ್ಚಿ ತಿರುಗಿಸಲಿಲ್ಲ.

ನಿನ್ನದೇ ಅಕ್ಕ,
ಕೌಸಲ್ಯಾ

ಮರೆತದ್ದು: ನಿನಗೆ ಸುಳ್ಳು ಬರೆದು ಕಾಗದ ಮಡಚಲು ಕೈ ಬರಲಿಲ್ಲ. ಶುಕ್ರವಾರ ಸಚಿಯೊಳ ಮನೆಯಲ್ಲಿ ಸೇರುವ ಮಾತೇ ಇರಲಿಲ್ಲ. ಲೈಬ್ರರಿಯ ಬಾಗಿಲಲ್ಲಿ ಶುಕ್ರವಾರ ರಜೆ ಎಂಬ ಚೀಟಿ ಓದಿದ ಮೇಲೆ ನಾನೇ ಎಲ್ಲರನ್ನೂ ಕರೆದೆ. ಹಿಂದಿನ ದಿನ ಮನೋಹರನ ಕಿವಿಗೆ ಬೀಳುವ ಹಾಗೆ, ನಾಳೆ ನಾನು ಮನೆಯಲ್ಲಿರುವುದಿಲ್ಲ ಅಂದಿದ್ದೆ. ವ್ಯಾನನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸು ಅಂದಾಗ ಸಚಿಯೊ ಯಾಕೆಂದು ಕೇಳಲಿಲ್ಲ. ಮಿನಾಳಿಗೆ ಆ ಪ್ರಶ್ನೆಯನ್ನು ಅವಳು ಕಲಿಸಿದಳೋ, ತಾನಾಗಿ ಬಂತೋ, ನಾನೂ ಕೇಳಲಿಲ್ಲ. ಸಾರು ಮಾತ್ರ ಬೆಳಿಗ್ಗೆಯೇ ಅವನನ್ನೂ ಲೆಕ್ಕಕ್ಕೆ ಹಿಡಿದು ಮಾಡಿಟ್ಟಿದ್ದೆ.