ಗೋಡೆಜ್ವರ

ಮಾರ್ಚ್ ೪, ಮಧ್ಯಾಹ್ನ

ಎರಡಕ್ಕೆ ಸರಿಯಾಗಿ ಕೂತೆ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಹಾಜರ್ — ನರ್ಸಮ್ಮ, ಕ್ಯಾಸೆಟ್ ಮಾಮ, ಇನ್ನೊಂದು ಮೂವತ್ತು ಮಂದಿ. ‘ಒಳಮೆಟ್ಟಿಲು’ ಧಾರಾವಾಹಿ ಶುರುವಾಗಿ ಇಪ್ಪತ್ತೈದು ವರ್ಷವಂತೆ. ಅದಕ್ಕೆ ಚಾನೆಲ್ಲಿನವರು ಹಳೆಯ ಕಂತುಗಳನ್ನು ಯೂಟ್ಯೂಬಿಗೆ ಹಾಕುತ್ತಿದ್ದಾರೆ. ನಾವು ಆಗಿನ ಹೊತ್ತಿಗೇ ಕೂತು ನೋಡುತ್ತೇವೆ. ನಗುವವರು ನಗಲಿ. ದಪ್ಪ ಕಾದಂಬರಿ ಓದಿದ್ದೇನೆ, ಮಧ್ಯಾಹ್ನದ ಧಾರಾವಾಹಿ ನೋಡಿದ್ದೇನೆ. ಒಂದಕ್ಕಾಗಿ ಇನ್ನೊಂದರ ಕ್ಷಮೆ ಕೇಳಿದವಳಲ್ಲ.

ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಟೈಟಲ್ ಕತ್ತರಿಸಿ ಹಾಕಿದ್ದಾರೆ. ಹಾಡಿಲ್ಲ, ಹೆಸರುಗಳಿಲ್ಲ. ಕಂತು ಪೂರ್ತಿ ಮೂಲೆಯಲ್ಲಿ ನಿರ್ದೇಶಕನ ಹೆಸರು ಮಾತ್ರ. ಬರೆದವರು ಯಾರು? ಮಾತೆಲ್ಲ ಆಕಾಶದಿಂದ ಉದುರಿತೆ? ಗ್ರೂಪಿನಲ್ಲಿ ಕೇಳಿದೆ. ಕ್ಯಾಸೆಟ್ ಮಾಮನ ಉತ್ತರ: ‘ಆಗಲೂ ಇರಲಿಲ್ಲ ಮೇಡಂ. ನಾನು ರೆಕಾರ್ಡ್ ಮಾಡಿಟ್ಟದ್ದರಲ್ಲಿ ನೋಡಿದೀನಿ. ಸಂಭಾಷಣೆ: ಕಥಾ ವಿಭಾಗ ಅಂತಷ್ಟೇ ಬರುತ್ತೆ.’

ಕಥಾ ವಿಭಾಗ! ವಿಭಾಗಕ್ಕೆ ಕೈ ಇದೆಯೆ, ಪೆನ್ನು ಹಿಡಿಯಲು? ಚಾನೆಲ್ಲಿಗೆ ಮೇಲ್ ಹಾಕಿದೆ, ಖಾರವಾಗಿಯೇ. ಮರುಗಳಿಗೆಯಲ್ಲಿ ಉತ್ತರ — ‘ನಿಮ್ಮ ಪ್ರೀತಿಗೆ ಚಿರಋಣಿ.’ ಯಂತ್ರದ ಋಣ.

ಮಾರ್ಚ್ ೯

ಕಂತು ಮುಗಿದ ಕೂಡಲೇ ಬರೆಯಲು ಕೂತಿದ್ದೇನೆ.

ಇವತ್ತಿನ ಕಂತು ನಾನು ನೋಡಿರದದ್ದು. ಆಗ ನನಗೆ ಆಫೀಸು. ರಜೆಯ ದಿನ ಮಾತ್ರ ಟಿವಿ. ಉಳಿದ ಕಥೆಯನ್ನು ಸಂಜೆ ಅಮ್ಮ ಹೇಳುತ್ತಿದ್ದಳು, ಒಂದು ಎಳೆ ಬಿಡದೆ. ಹಾಗೆಂದುಕೊಂಡಿದ್ದೆ.

ಕಂತಿನಲ್ಲಿ ಮಾವ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ. ಡಾಕ್ಟರನ್ನು ಕರೆಸಿ ಎಂದು ಮನೆಯೆಲ್ಲ ಗದ್ದಲ. ಕಿರಿ ಸೊಸೆ ಹೇಳುತ್ತಾಳೆ: ‘ಇದು ಮೈಜ್ವರ ಅಲ್ಲ, ಗೋಡೆಜ್ವರ. ಯಾರಾದ್ರೂ ಹೋಗಿ ನಾವೇ ಸೋತ್ವಿ ಅಂದ್ರೆ ಇಳಿಯುತ್ತೆ.’

ಗೋಡೆಜ್ವರ ನಮ್ಮ ಮನೆಯ ಮಾತು. ನಿಘಂಟಿನಲ್ಲಿಲ್ಲ — ಈಗಷ್ಟೇ ಎದ್ದು ನೋಡಿದೆ. ಅಪ್ಪ ಸಿಟ್ಟಾದಾಗ ಹಾಗೇ ಮಲಗುತ್ತಿದ್ದ. ತಂಗಿ ಎರಡನೇ ಕ್ಲಾಸಿನಲ್ಲಿದ್ದಾಗ ಇಟ್ಟ ಹೆಸರು. ಅಮ್ಮ, ನಾನು, ತಮ್ಮ, ಅವಳು — ನಾಲ್ಕೇ ಜನ ಅಪ್ಪನ ಕಿವಿಗೆ ಬೀಳದಂತೆ ಆಡಿದ್ದು.

ತಂಗಿ ಮನೆ ಬಿಟ್ಟು ಹೋದದ್ದು ಈ ಧಾರಾವಾಹಿಗೆ ಆರು ವರ್ಷ ಮೊದಲು. ಅಪ್ಪ ಗೊತ್ತುಮಾಡಿದ ಗಂಡು ಬೇಡವೆಂದಿದ್ದಳು. ಟೈಪಿಂಗ್ ಕ್ಲಾಸಿಗೆಂದು ಹೋದವಳು ಹಿಂದಿರುಗಲಿಲ್ಲ. ‘ಇನ್ನು ಆ ಹೆಸರು ಈ ಮನೇಲಿ ಎತ್ತಕೂಡದು’ ಎಂದ ಅಪ್ಪ. ಎತ್ತಲಿಲ್ಲ. ಅಪ್ಪ ಅಮ್ಮ ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಇಲ್ಲಿ ಬರೆಯಲು ಕೈ ಏಳುತ್ತಿಲ್ಲ.

ಗ್ರೂಪಿನಲ್ಲಿ ಸಂಭ್ರಮವೋ ಸಂಭ್ರಮ. ‘ನಮ್ಮನೇಲಿ ಇವತ್ತಿಗೂ ಗೋಡೆಜ್ವರ ಅಂತಲೇ ಅನ್ನೋದು!’ ನರ್ಸಮ್ಮ: ‘ನಮ್ಮ ವಾರ್ಡಲ್ಲಿ ಅರ್ಧ ಪೇಷಂಟುಗಳಿಗೆ ಅದೇ ಕಾಯಿಲೆ.’ ಯಾರೋ ನಿರ್ದೇಶಕನ ಸಂದರ್ಶನ ಹಾಕಿದರು. ಆ ಪದ ತನ್ನ ಅಜ್ಜಿಯದಂತೆ. ಕದ್ದ ಮಾಲಿಗೆ ಅಜ್ಜಿಯ ಸಾಕ್ಷಿ!

ಮಾರ್ಚ್ ೧೦

ಊಟಕ್ಕೆ ಕೂತಾಗ ತಮ್ಮನಿಗೆ ಹೇಳಿದೆ, ಬರೆದದ್ದು ತಂಗಿಯೇ ಇರಬೇಕು ಎಂದು.

‘ಗೋಡೆ ಎಲ್ಲರ ಮನೇಲೂ ಇರುತ್ತೆ ಅಕ್ಕ. ಜ್ವರಾನೂ ಎಲ್ಲರಿಗೂ ಬರುತ್ತೆ.’

‘ಎರಡೂ ಸೇರಿ ಒಂದು ಮಾತಾಗೋದು ನಮ್ಮನೇಲಿ ಮಾತ್ರ.’

‘ನಿನಗೆ ರಿಟೈರ್ ಆದ್ಮೇಲೆ ಕೆಲಸ ಇಲ್ಲ. ಅವಳು ಬದುಕಿದ್ದಿದ್ರೆ ಇಷ್ಟು ವರ್ಷದಲ್ಲಿ ಒಂದು ಸುದ್ದಿ ಬರ್ತಿರಲಿಲ್ವಾ? ಹೋದವಳನ್ನ ಯಾಕೆ ಎಬ್ಬಿಸ್ತೀಯ?’

ಅರ್ಧಕ್ಕೇ ಎದ್ದು ಕೈ ತೊಳೆದ. ತಟ್ಟೆಯಲ್ಲಿ ಅನ್ನ ಬಿಡುವವನಲ್ಲ.

ಮಾರ್ಚ್ ೨೨

ಚಾನೆಲ್ಲಿನವರು ಹಾಕುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಕ್ಯಾಸೆಟ್ ಮಾಮ ಉಳಿದ ಕಂತುಗಳನ್ನು ಪೆನ್ ಡ್ರೈವಿಗೆ ತುಂಬಿಸಿಕೊಟ್ಟರು. ಹಗಲೆಲ್ಲ ನೋಡಿದೆ. ಧಾರಾವಾಹಿಯ ಮನೆ ತುಂಬ ನಮ್ಮದೇ ಮನೆ.

ಆ ಫೋನ್ ಸೀನುಗಳು... ಕಿರಿ ಸೊಸೆ ತವರಿಗೆ ಫೋನ್ ಮಾಡುತ್ತಾಳೆ. ಅತ್ತಲ ದನಿ ಎಂದೂ ಕೇಳಿಸುವುದಿಲ್ಲ. ‘ಅಮ್ಮಾ, ಮಂಡಿಗೆ ಎಣ್ಣೆ ಹಚ್ಚಿದ್ಯಾ?’ ಮೌನ. ‘ಮಾತ್ರೆ?’ ಮೌನ. ಕಂತು ಎಳೆಯಲು ಮೌನ ತುಂಬಿದ್ದಾರೆ ಎಂದು ಗ್ರೂಪಿನಲ್ಲಿ ಹಳೆಯ ತಮಾಷೆ. ನಾನೂ ನಕ್ಕಿದ್ದೇನೆ.

ಇವತ್ತು ಹಾಗೇ ಕೂತಿದ್ದೆ. ‘ಅಮ್ಮಾ, ಮಂಡಿಗೆ ಎಣ್ಣೆ ಹಚ್ಚಿದ್ಯಾ?’ — ಹಿಂದಿನ ಕುರ್ಚಿಯಿಂದ ಅಮ್ಮನ ದನಿ ಬರಬೇಕಿತ್ತು. ಹೌದು, ಬರುತ್ತಿತ್ತು! ಯಾವುದೋ ರಜೆಯ ಮಧ್ಯಾಹ್ನ. ‘ಹಚ್ಚಿದೆ ಕಣೇ.’ ‘ನುಂಗಿದೆ. ಕಹಿ.’ ಅಮ್ಮ ಟಿವಿಗೆ ಉತ್ತರ ಕೊಡುತ್ತಿದ್ದಳು. ಅರಳುಮರುಳು ಎಂದುಕೊಂಡಿದ್ದೆ.

ಮೌನ ಸರಿಯಾಗಿ ಅಷ್ಟೇ ಉದ್ದ. ‘ಹಚ್ಚಿದೆ ಕಣೇ’ ಎನ್ನಲು ಬೇಕಾದಷ್ಟು.

ಹಿಂದಕ್ಕೆ ಎಳೆದು ಮತ್ತೆ ಹಾಕಿದೆ. ಹುಡುಗಿ ರಿಸೀವರ್ ಹಿಡಿದು ಕಾಯುತ್ತಾಳೆ. ಕೋಣೆಯಲ್ಲಿ ಫ್ಯಾನಿನ ಸದ್ದು. ‘ಹ್ಞೂಂ, ಸರಿ’ ಎಂದು ಅವಳು ಮುಂದೆ ಹೋದಳು — ಯಾರೋ ಉತ್ತರ ಕೊಟ್ಟ ಹಾಗೆ. ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಭೂತ ಎಂದರೆ ಕಳೆದ ಕಾಲ ಎಂದು ವ್ಯಾಕರಣದಲ್ಲಿ ಓದಿದ್ದೆ. ಎರಡರ್ಥವೂ ಒಂದೇ ಎಂದು ಇವತ್ತು ತಿಳಿಯಿತು.

ಮಾರ್ಚ್ ೨೭

ನರ್ಸಮ್ಮ ಪತ್ತೆ ಹಚ್ಚಿಕೊಟ್ಟಳು. ಧಾರಾವಾಹಿಯ ಆಗಿನ ಮ್ಯಾನೇಜರ್ ಈಗ ಅವಳ ಬೀದಿಯಲ್ಲೇ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಜಗಳಕ್ಕೆ ಸೊಂಟ ಕಟ್ಟಿಯೇ ಹೋದೆ.

‘ಬರೆದವರ ಹೆಸರನ್ನ ನುಂಗಿ ನೀರು ಕುಡಿದ್ರಲ್ಲ, ನಾಚಿಕೆ ಆಗಲಿಲ್ವಾ?’

ಮೆಷಿನ್ನಿನ ಮುಚ್ಚಳ ಮುಚ್ಚಿದರು. ‘ನಾವೆಲ್ಲಮ್ಮ ನುಂಗಿದ್ದು? ಹಾಕ್ತೀವಿ ಅಂತ ಗೋಗರೆದ್ವಿ. ಅವರೇ ಬೇಡ ಅಂದ್ರು. ಶೂಟಿಂಗ್ ಮನೆ ಮಹಡೀಲಿ ಕೂತು ಬರೀತಿದ್ರು, ಮಹಡಿ ಅಕ್ಕ ಅಂತಿದ್ವಿ. ಕೆಳಗೆ ಕ್ಯಾಮೆರಾ ಇಟ್ಕೊಂಡು ಕಾಯ್ತಿದ್ರೆ ಮೇಲಿಂದ ಬಿಸಿಬಿಸಿ ಸೀನ್ ಇಳೀತಿತ್ತು.’

‘ಯಾಕೆ ಬೇಡ ಅಂದ್ರು?’

‘ನನ್ನ ಹೆಸರು ಕಂಡ್ರೆ ನಮ್ಮನೇಲಿ ಟಿವಿ ಆಫ್ ಮಾಡಿಬಿಡ್ತಾರೆ, ಅಂದ್ರು.’

ಜಗಳ ಬಿಟ್ಟು ಕೌಂಟರಿನ ಮೇಲೆ ಬಾಗಿದೆ.

‘ಆ ಫೋನ್ ಸೀನು?’

‘ಅಯ್ಯೋ, ಅದೊಂದು ರಾಮಾಯಣ. ಮೌನ ಕತ್ತರಿಸ್ತಾರೆ ಅಂತ ಎಡಿಟಿಂಗ್ ರೂಮಿನ ಬಾಗಿಲಲ್ಲೇ ಕೂತುಬಿಡೋರು. ನಿರ್ದೇಶಕರೇ ಸುಸ್ತಾಗಿ ಹೋದ್ರು.’

‘ಈಗ ಅವರು...’

ನನ್ನ ಮುಖವನ್ನೇ ನೋಡಿದರು. ‘ಇದಾರೆ. ಬೇರೆ ಊರಲ್ಲಿ. ಬರೆಯೋದು ಬಿಟ್ಟು ಮಕ್ಕಳಿಗೆ ಪಾಠ ಹೇಳ್ತಾರೆ. ಅವರನ್ನ ಕೇಳದೆ ನಂಬರ್ ಕೊಡಲಾರೆ. ಆದ್ರೆ ನೀವು ಯಾರು ಅಂತ ನಾನು ಕೇಳಲ್ಲಮ್ಮ. ಮೂಗೇ ಹೇಳುತ್ತೆ.’

ಇದ್ದಾಳೆ. ಬರೆದು ನೋಡುತ್ತೇನೆ. ಇದ್ದಾಳೆ.

ಮಾರ್ಚ್ ೨೮, ಸಂಜೆ

ಮ್ಯಾನೇಜರ್ ಫೋನ್. ‘ನಿಮ್ಮ ತಂಗಿಗೆ ಹೇಳ್ದೆ. ಅಮ್ಮ ಹೋದ ಸುದ್ದಿ ಆಗಲೇ ಪೇಪರಲ್ಲಿ ನೋಡಿದ್ರಂತೆ. ಒಂದೇ ಒಂದು ಕೇಳಿದ್ರು. ಬರೀತಿರೋದು ನಾನೇ ಅಂತ ಅಮ್ಮನಿಗೆ ಗೊತ್ತಾಗ್ತಿತ್ತಾ, ಅಂತ. ಸೋಮವಾರ ಅವರೇ ಫೋನ್ ಮಾಡ್ತಾರೆ. ಉತ್ತರ ಸಿಕ್ಕಿದ್ರೆ ಮುಂದಿನ ಮಾತು, ಅಂದ್ರು.’

ಏನು ಹೇಳಲಿ? ಟಿವಿಯೊಡನೆ ಮಾತಾಡುವ ಮುದುಕಿಯರು ಊರು ತುಂಬ ಇದ್ದಾರೆ. ಅಮ್ಮ ಅವಳ ಹೆಸರೆತ್ತಲಿಲ್ಲ, ಸಾಯುವಾಗಲೂ. ಗೊತ್ತಿತ್ತು ಎಂದರೆ ನನ್ನ ಊಹೆ, ಸುಳ್ಳೂ ಆಗಬಹುದು. ಗೊತ್ತಿಲ್ಲ ಎಂದರೆ ಅಷ್ಟು ವರ್ಷ ಅವಳು ಖಾಲಿ ಕೋಣೆಗೆ ಬರೆದ ಹಾಗೆ. ಸುಳ್ಳು ಹೇಳಿದರೆ ನನ್ನ ದನಿಯಲ್ಲೇ ಹಿಡಿಯುತ್ತಾಳೆ. ಮಾತೇ ಅವಳ ಕಸುಬು.

ಮಾರ್ಚ್ ೨೯

ಬೇರೆ ದಾರಿ ಕಾಣದೆ ತಮ್ಮನ ಮುಂದೆ ಎಲ್ಲ ಇಟ್ಟೆ. ಅವಳ ಪ್ರಶ್ನೆಯನ್ನೂ. ಪೇಪರ್ ಮಡಚಿದ. ಮತ್ತೆ ಬಿಡಿಸಿದ.

‘ಅಮ್ಮನಿಗೆ ಗೊತ್ತಿತ್ತು’ ಎಂದ.

ಆಗ ಅವನಿಗೆ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ. ಮಧ್ಯಾಹ್ನ ಟಿವಿ ಇದ್ದ ಕೋಣೆಯಲ್ಲೇ ನಿದ್ದೆ. ‘ಗೋಡೆಜ್ವರ ಅನ್ನೋ ಮಾತು ಬಂದ ದಿನ ಅಮ್ಮ ನನ್ನ ಕಾಲು ಹಿಡಿದು ಅಲ್ಲಾಡಿಸಿ ಎಬ್ಬಿಸಿದ್ಲು. ಏಳೋ, ಬದುಕಿದಾಳೆ ಕಣೋ, ಅಂದ್ಲು. ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸಿಕೊಂಡ್ಲು.’

‘ಅಪ್ಪನಿಗೆ ಬೇಡ, ಸರಿ. ನನಗೂ?’

ನೆಲ ನೋಡಿದ. ‘ನಿನಗಂತೂ ಬೇಡವೇ ಬೇಡ ಅಂದ್ಲು. ನಿಮ್ಮಕ್ಕನಿಗೆ ತಿಳಿದ್ರೆ ನ್ಯಾಯ ಕೇಳ್ಕೊಂಡು ಹೊರಡ್ತಾಳೆ, ಪೇಪರಿಗೆ ಬರೀತಾಳೆ, ನಿಮ್ಮಪ್ಪನ ಮುಂದೆ ನಿಂತು ಭಾಷಣ ಬಿಗೀತಾಳೆ. ನನಗೆ ನ್ಯಾಯ ಬೇಡ ಕಣೋ, ದಿನಾ ಅರ್ಧ ಗಂಟೆ ಮಗಳು ಸಾಕು... ಅಂದ್ಲು.’

ಅಮ್ಮ ಹೇಳಿದ್ದು ನಿಜ ಎಂದು ಒಪ್ಪಿಕೊಂಡೆ. ಅಪರೂಪ.

‘ಅಮ್ಮ ಹೋದ ಮೇಲಾದ್ರೂ ಹೇಳಬಾರದಿತ್ತೇನೋ?’

‘ಆಣೆ ಇಳಿಸೋಕೆ ಅಮ್ಮಾನೇ ಬರಬೇಕಲ್ಲ ಅಕ್ಕ. ಆಮೇಲೆ ಧಾರಾವಾಹಿ ಮುಗೀತು. ತಂಗೀನೂ ಮುಗಿದ್ಲು ಅಂದ್ಕೊಂಡೆ.’

ಕಣ್ಣು ಒರೆಸಿಕೊಂಡ. ಇಬ್ಬರೂ ಅಮ್ಮನ ಕುರ್ಚಿಯಲ್ಲಿ ಕೂರಲಿಲ್ಲ.

ಮಾರ್ಚ್ ೩೦

ಫೋನ್ ಬಂತು. ಎತ್ತಿದೆ. ‘ಹಲೋ’ ಎಂದದ್ದು ಅಮ್ಮ. ಅಮ್ಮನಲ್ಲ — ಅದೇ ದನಿ, ಅದೇ ಸಣ್ಣ ಕೆಮ್ಮು. ಅಷ್ಟು ವಯಸ್ಸಾಗಿದೆಯೆ ಅವಳಿಗೆ?

‘ಅಕ್ಕಾ... ಕೇಳಿದ್ನಲ್ಲ, ಅದು...’

ಹೇಳುವ ಹಕ್ಕು ನನ್ನದಲ್ಲ. ತಮ್ಮನ ಕೈಗೆ ಕೊಟ್ಟೆ. ‘ಅಣ್ಣ ಕಣೇ’ ಎಂದ. ಅಷ್ಟಕ್ಕೇ ಸ್ವರ ಒಡೆಯಿತು. ಫೋನ್ ಹಿಡಿದು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡ. ಸುಮ್ಮನೆ ಕೂರಲಾರೆ, ಅದಕ್ಕೆ ಬರೆಯುತ್ತಿದ್ದೇನೆ. ‘ಕಾಲು ಹಿಡಿದು ಎಬ್ಬಿಸಿದ್ಲು’ ಎನ್ನುತ್ತಿದ್ದಾನೆ. ಈಗ ಏನೂ ಕೇಳಿಸುತ್ತಿಲ್ಲ. ಅಳುತ್ತಿದ್ದಾನೋ... ಅಲ್ಲ, ನಗು. ನಗುತ್ತಿದ್ದಾನೆ! ಬಾಗಿಲು ತೆರೆಯಿತು. ‘ಅಕ್ಕ, ಬೇಗ ಬಾ, ನಿನ್ನನ್ನೇ ಕೇಳ್ತಿದಾಳೆ, ಈಗಲೂ ಪೇಪರಿಗೆ ಬರೀತಾಳಾ ಅಂತ!’