ಬಲಗಿವಿಯ ಕಡ್ಡಿಯನ್ನು ಕತ್ತರಿಸಿ ನೋಡಿ

ಮಾನ್ಯರೇ,

ಓಲೆಗಳ ಕಾರ್ಡಿನ ಮೇಲೆ ‘ಹೊಸದಾಗಿ ಚುಚ್ಚಿದ ಕಿವಿಗೆ ಸುರಕ್ಷಿತ’ ಎಂದು ಮುದ್ರೆ ಒತ್ತುವ ಕಚೇರಿಯ ಮುಖ್ಯಸ್ಥರು ತಾವು. ಆ ಮುದ್ರೆಯನ್ನು ನಂಬಿ ಹಾಕಿಸಿದ ಓಲೆಯಿಂದ ನನ್ನ ಮಗಳ ಎರಡೂ ಕಿವಿ ಕೀವುಗಟ್ಟಿದವು. ಕಿವಿ ಹೇಗೋ ಒಣಗಿತು, ಅವಳ ಕೈಕಸುಬು ಮಾತ್ರ ಹೋಗಿಯೇ ಹೋಯಿತು. ದೂರು ಕೊಟ್ಟದ್ದಕ್ಕೆ ತಮ್ಮಿಂದ ಬಂದ ಉತ್ತರ ಇಷ್ಟು: “ಸದರಿ ಆಭರಣವನ್ನು ದೂರುದಾರರ ತಂದೆಯೇ ಅರದಿಂದ ಉಜ್ಜಿ ಮಾರ್ಪಡಿಸಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.” ಆ ತಂದೆ ನಾನೇ. ಮುಕ್ತಾಯ ಎಂಬ ಪದ ಬರೆಯಲು ತಮ್ಮ ಗುಮಾಸ್ತರಿಗೆ ಎಷ್ಟು ಹೊತ್ತು ಹಿಡಿಯಿತೋ ಕಾಣೆ. ನಮ್ಮ ಮನೆಯಲ್ಲಿ ಅದಿನ್ನೂ ಮುಗಿದಿಲ್ಲ.

ನಾನು ಬೀಗದ ಕೈ ಮಾಡುವವನು. ಮೂವತ್ತೊಂದು ವರ್ಷದಿಂದ ಒಂದೇ ಅಂಗಡಿ. ಎರಡು ಜನ ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು, ಅಷ್ಟಗಲ. ಮಗಳಿಗೆ ಹತ್ತೊಂಬತ್ತು. ಓದು ಮುಗಿಸಿ ತಾನಾಗಿಯೇ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಳು. ಕೀ ಕಳೆದುಹೋದ ಬೀಗಕ್ಕೆ ಹಲ್ಲಿಲ್ಲದ ಖಾಲಿ ಕೀ ತೂರಿಸಿ, ಮೆಲ್ಲಗೆ ಅಲ್ಲಾಡಿಸಿ, ಅದರ ಮೈಮೇಲೆ ಬಿದ್ದ ಗೀರು ನೋಡಿ ಅಷ್ಟಷ್ಟೇ ಅರ ಹಾಕುವ ಕೆಲಸವೊಂದಿದೆ. ನನಗೆ ಅದು ಕೈಗೆ ಹತ್ತಲು ಆರು ವರ್ಷ ಹಿಡಿಯಿತು. ಅವಳು ಎಂಟು ತಿಂಗಳಲ್ಲಿ ಕಲಿತಳು. ಬೆರಳ ತುದಿಯಲ್ಲೇ ಬೀಗದ ಒಳಗನ್ನು ಓದುತ್ತಿದ್ದಳು. ಗಿರಾಕಿಗಳು ಬಂದು, “ನೀವು ಬೇಡ ಯಜಮಾನ್ರೇ, ನಿಮ್ಮ ಮಗಳನ್ನ ಕರೀರಿ” ಅನ್ನುತ್ತಿದ್ದರು. ಆ ಅವಮಾನದಲ್ಲಿ ನನಗಾಗುತ್ತಿದ್ದ ಸಂತೋಷ ಹೇಳತೀರದು.

ಚಿಕ್ಕವಳಿದ್ದಾಗ ಸೂಜಿ ಕಂಡರೆ ಮಂಚದ ಕೆಳಗೆ ಹೋಗಿ ಕೂರುತ್ತಿದ್ದವಳು, ಹೋದ ವರ್ಷ ಇದ್ದಕ್ಕಿದ್ದಂತೆ ಕಿವಿ ಚುಚ್ಚಿಸಿಕೊಳ್ಳುತ್ತೇನೆ ಅಂದಳು. ಚುಚ್ಚುವ ಅಂಗಡಿಯಾಕೆ ಎರಡು ತಟ್ಟೆ ಮುಂದಿಟ್ಟರು. ಒಂದರಲ್ಲಿ ಬೂದುಬಣ್ಣದ ಟೈಟಾನಿಯಂ ಓಲೆ, ನೋಡಲು ಸಪ್ಪೆ. ಇನ್ನೊಂದರಲ್ಲಿ ಚಿನ್ನದ ಬಣ್ಣದ್ದು, ಪುಟ್ಟ ಹೂವು, ಕಾರ್ಡಿನ ಮೇಲೆ ತಮ್ಮ ಮುದ್ರೆ. ನನ್ನ ಹೆಂಡತಿ, “ಹೊಸ ಕಿವಿಗೆ ಬಣ್ಣ ಹಾಕಿದ್ದು ಬೇಡ ಕಣ್ರೀ” ಅಂದಳು. ನಾನು ದೊಡ್ಡದಾಗಿ, “ಪರೀಕ್ಷೆ ಮಾಡಿ ಮುದ್ರೆ ಒತ್ತಿದಾರಲ್ಲೇ, ನಿನಗೇನು ಗೊತ್ತು” ಅಂದೆ. ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ನನಗೂ ತಮಗೂ.

ನಾಲ್ಕನೆಯ ದಿನ ಮಗಳು, “ಅಪ್ಪಾ, ಎಡಗಡೆ ಮಲಗಿದ್ರೆ ಕಡ್ಡಿ ಚುಚ್ಚತ್ತೆ” ಅಂದಳು. ಕಿವಿಯೊಳಗೆ ಹಾದು ಹಿಂದೆ ಬರುವ ಆ ಕಡ್ಡಿಯ ತುದಿ ಒರಟಾಗಿತ್ತು. ಒರಟು ಕಂಡರೆ ನನ್ನಂಥವನ ಕೈ ಸುಮ್ಮನಿರುತ್ತದೆಯೇ? ಎಡಗಿವಿಯದನ್ನು ಬಿಚ್ಚಿಸಿ, ಇಕ್ಕಳದಲ್ಲಿ ಹಿಡಿದು, ಸಣ್ಣ ಅರದಿಂದ ಎರಡೆಳೆತ ಎಳೆದು, ಉಪ್ಪುಕಾಗದದಲ್ಲಿ ನುಣುಪು ಮಾಡಿ ಕೊಟ್ಟೆ. “ಈಗ ರೇಷ್ಮೆ ಥರ ಇದೆ” ಅಂದಳು. ಬಲಗಿವಿಯದು ತೊಂದರೆ ಕೊಟ್ಟಿರಲಿಲ್ಲ, ಅದನ್ನು ಮುಟ್ಟಲಿಲ್ಲ.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ದೂರಿನಲ್ಲಿ ಬರೆಯಲು ಧೈರ್ಯವಾಗಿರಲಿಲ್ಲ, ಈಗ ಬರೆಯುತ್ತೇನೆ. ಅರ ಎಳೆದಾಗ ಚಿನ್ನದ ಬಣ್ಣ ಹೋಗಿ ಕೆಳಗೆ ಬೆಳ್ಳಗೆ ಕಂಡಿತು. ಆ ಬಿಳುಪು ನನಗೆ ಚೆನ್ನಾಗಿ ಗೊತ್ತು. ನಮ್ಮ ಖಾಲಿ ಕೀಗಳ ಮೇಲಿರುವುದೂ ಅದೇ, ನಿಕಲ್. ದಿನಕ್ಕೆ ನೂರು ಸಲ ನೋಡುವ ಬಣ್ಣ. ಗುರುತು ಸಿಕ್ಕಿತು. ಸಿಕ್ಕರೂ, ‘ಛೆ, ಹೊಸ ಕಿವಿಗೆ ಅಂತ ಬರೆದಿರುವಾಗ ಇದು ಅದಾಗಿರಲಾರದು’ ಅಂದುಕೊಂಡೆ. ಮೂವತ್ತೊಂದು ವರ್ಷದ ನನ್ನ ಕಣ್ಣಿಗಿಂತ ತಮ್ಮ ಮುದ್ರೆಯೇ ಹೆಚ್ಚು ಅನ್ನಿಸಿತು. ಅಯ್ಯೋ, ಆ ಒಂದು ಕ್ಷಣವನ್ನು ಯಾರಾದರೂ ವಾಪಸ್ ಕೊಡುತ್ತಾರೆಯೇ?

ಎರಡು ವಾರಕ್ಕೆ ಎಡಗಿವಿಯಲ್ಲಿ ನವೆ ಶುರುವಾಯಿತು. ತಿಂಗಳಿಗೆ ಬಲಗಿವಿಯಲ್ಲೂ. ತೆಗೆದರೆ ತೂತು ಮುಚ್ಚಿಹೋದೀತೆಂದು ಹಾಗೇ ಬಿಟ್ಟೆವು, ಉಪ್ಪುನೀರಲ್ಲಿ ಒರೆಸಿದೆವು. ಚರ್ಮದ ಡಾಕ್ಟರ ಬಳಿ ಹೋಗುವಷ್ಟರಲ್ಲಿ ಹಾಲೆಗಳು ಊದಿ ಕೆಂಪಗಾಗಿದ್ದವು. ಡಾಕ್ಟರಮ್ಮ ಬೈಯಲಿಲ್ಲ. “ಹೊಸ ತೂತು ಅಂದ್ರೆ ಹಸಿ ಗಾಯ. ಅದರೊಳಗೆ ಹಾಕೋದಕ್ಕೆ ಟೈಟಾನಿಯಂ, ಇಲ್ಲಾ ನಿಕಲ್ ಬೆರೆಸದ ಗಟ್ಟಿ ಚಿನ್ನ. ಮೇಲೆ ಲೇಪ ಕೊಟ್ಟಿದ್ದು ಬೇಡವೇ ಬೇಡ, ಲೇಪ ಸವೆದು ಕೆಳಗಿನ ನಿಕಲ್ ಗಾಯಕ್ಕೆ ತಗಲತ್ತೆ” ಅಂದರು. ಆಮೇಲೆ ಮಗಳ ಬೆರಳುಗಳನ್ನು ತಿರುಗಿಸಿ ನೋಡಿ, “ನೀನೇನು ಕೆಲಸ ಮಾಡ್ತೀಯಮ್ಮ?” ಅಂತ ಕೇಳಿದರು. ಬೆರಳ ಸಂದಿಯಲ್ಲಿ ಆಗಲೇ ಗುಳ್ಳೆ ಎದ್ದಿದ್ದವು. ಮೈಗೆ ಒಮ್ಮೆ ನಿಕಲ್ ಒಗ್ಗದೆ ಹೋದರೆ ಮತ್ತೆ ಒಗ್ಗುವುದಿಲ್ಲವಂತೆ. ಜೀವಮಾನವಿಡೀ.

ಕೀಗಳ ನಿಕಲ್ ಬೆರಳಿಗೆ ತಾಗದಿರಲೆಂದು ಕೈಗವಸು ಹಾಕಿ ನೋಡಿದೆವು. ಮಗಳು ಅರ್ಧ ಗಂಟೆ ಒಂದು ಬೀಗದ ಜೊತೆ ಗುದ್ದಾಡಿ ಕೆಳಗಿಟ್ಟಳು. “ಏನೂ ಗೊತ್ತಾಗ್ತಿಲ್ಲಪ್ಪಾ. ಬೀಗ ಮಾತೇ ಆಡಲ್ಲ” ಅಂದಳು. ಈಗ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾಳೆ. ಅಲ್ಲಿಂದ ನನ್ನ ಅಂಗಡಿ ಕಾಣುತ್ತದೆ, ನನಗೂ ಅವಳು ಕಾಣುತ್ತಾಳೆ. ನಾನು ಆ ಕಡೆ ನೋಡುವುದನ್ನು ಕಡಿಮೆ ಮಾಡಿದ್ದೇನೆ.

ಈಗ ತಮ್ಮ ಪರೀಕ್ಷೆಯ ವಿಚಾರ. ಕಚೇರಿಗೆ ಬಂದು ಕಿಟಕಿಯಲ್ಲಿ ಕೇಳಿದೆ. ಅಲ್ಲಿದ್ದವರು ತಾಳ್ಮೆಯಿಂದಲೇ ವಿವರಿಸಿದರು: ಓಲೆಯ ಮೇಲೆ ಔಷಧ ಹಚ್ಚಿದ ಹತ್ತಿ ಒರೆಸುತ್ತಾರಂತೆ, ನಿಕಲ್ ಇದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದಂತೆ, ತಿರುಗದಿದ್ದರೆ ಪಾಸು. “ಓಲೆಯ ಯಾವ ಭಾಗ ಒರೆಸ್ತೀರಿ?” ಅಂದೆ. “ಮುಂಭಾಗ. ಹೂವು.” “ಕಡ್ಡಿ?” “ಕಡ್ಡಿ ಆಭರಣದಲ್ಲಿ ಬರಲ್ಲ ಸಾರ್, ಅದು ಜೋಡಣೆ.” ಧನ್ಯರಾದೆವು! ಗಾಳಿಗೆ ಹೊಳೆಯುತ್ತ ಕೂರುವ ಹೂವಿಗೆ ಪರೀಕ್ಷೆ. ಹಸಿ ಗಾಯದೊಳಗೆ ಹಗಲೂ ರಾತ್ರಿ ಇರುವ ಕಡ್ಡಿ ಬರೀ ಜೋಡಣೆ. ಕಿವಿಗೆ ಕಣ್ಣಿದ್ದಿದ್ದರೆ ಹೂವನ್ನು ನೋಡಿಕೊಂಡು ನೋವು ಮರೆಯುತ್ತಿತ್ತೇನೋ. ಎರಡೆಳೆತಕ್ಕೆ ಹೋಗುವಷ್ಟು ತೆಳ್ಳನೆಯ ಲೇಪ, ದಿನಕ್ಕೆರಡು ಸಲ ತಿರುಗಿಸಬೇಕೆಂದು ಅದೇ ಕಾರ್ಡಿನಲ್ಲಿ ಬರೆದಿರುವಾಗ, ಎಷ್ಟು ದಿನ ಉಳಿಯುತ್ತದೆಂದು ತಾವು ಲೆಕ್ಕ ಹಾಕಿದ್ದಿರಿ? ನಾನು ತೆಗೆದದ್ದು ಮೇಲಿನ ಬಣ್ಣ. ಅದರ ಕೆಳಗಿದ್ದುದನ್ನು ಇಟ್ಟವರು ನಾನಲ್ಲ.

ಎರಡೂ ಓಲೆಗಳನ್ನು ದೂರಿನ ಜೊತೆಯೇ ಲಕೋಟೆಯಲ್ಲಿ ಹಾಕಿ ಕಳಿಸಿದ್ದೆ. ಎಡಗಿವಿಯದನ್ನು ಉಜ್ಜಿದ್ದೇನೆ, ಬಲಗಿವಿಯದನ್ನು ಉಜ್ಜಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದೆ. ಇದ್ದದ್ದು ಇದ್ದಂತೆ ಹೇಳಿದರೆ ಪರೀಕ್ಷೆ ಮಾಡುವವರಿಗೆ ಅನುಕೂಲವಾಗುತ್ತದೆ ಅಂದುಕೊಂಡ ಮಹಾ ಬುದ್ಧಿವಂತ ನಾನು. ತಮ್ಮ ಉತ್ತರದಲ್ಲಿ ಬಲಗಿವಿಯ ಪ್ರಸ್ತಾಪವೇ ಇಲ್ಲ. ನನ್ನ ಮಗಳಿಗೆ ಒಂದೇ ಕಿವಿಯೆಂದು ತಮ್ಮ ಕಡತದಲ್ಲಿ ದಾಖಲಾಗಿದೆಯೇ?

ಆ ಉತ್ತರ ನನ್ನ ಕೈ ಸೇರಿದ ಬಗೆಯನ್ನೂ ತಾವು ತಿಳಿಯಬೇಕು. ಬರೆದದ್ದು ನಾನಾದರೂ ದೂರು ಮಗಳ ಹೆಸರಲ್ಲಿತ್ತು, ಕಾಗದ ಅವಳಿಗೆ ಬಂತು. ಐದು ವಾರ ದಿನವೂ ಕೇಳುತ್ತಿದ್ದೆ, “ಕಾಗದ ಬಂತೇನಮ್ಮಾ?” “ಆಫೀಸು ಕೆಲಸ ಅಂದ್ರೆ ಅಷ್ಟು ಸುಲಭನಾ, ಬರತ್ತೆ ಬಿಡಪ್ಪಾ” ಅಂತ ನಗುತ್ತಿದ್ದಳು. ಮೊನ್ನೆ ಅವಳ ಬೆರಳಿಗೆ ಹಚ್ಚಲು ಮುಲಾಮು ಹುಡುಕುತ್ತ ಔಷಧಿ ಡಬ್ಬ ತೆಗೆದೆ. ತಳದಲ್ಲಿ ನಾಲ್ಕು ಮಡಿಕೆಯಾಗಿ ತಮ್ಮ ಪತ್ರ. ‘ತಂದೆಯೇ’ ಎಂಬ ಪದವನ್ನು ಅವಳು ಪೆನ್ನಿನಿಂದ ಕಾಣದ ಹಾಗೆ ಗೀಚಿ ಅಳಿಸಿದ್ದಳು. ಬೆಳಕಿಗೆ ಹಿಡಿದು ಓದಿದೆ. ಇದ್ದ ಹಾಗೇ ಮಡಚಿಟ್ಟು, ಮುಲಾಮು ತೆಗೆದುಕೊಂಡು ಹೋಗಿ ಅವಳ ಬೆರಳಿಗೆ ಹಚ್ಚಿದೆ.

ಪರಿಹಾರ ಕೇಳುತ್ತಿಲ್ಲ. ನನ್ನನ್ನು ನಿರ್ದೋಷಿ ಎನ್ನಿ ಎಂದೂ ಕೇಳುತ್ತಿಲ್ಲ. ಎಡಗಿವಿಯಲ್ಲಿ ಮೊದಲು ಶುರುವಾದದ್ದು ನನ್ನ ಅರದಿಂದಲೇ ಇರಬಹುದು. ಎಡಕ್ಕೆ ತಗುಲಿದ್ದರಿಂದಲೇ ಬಲಕ್ಕೂ ಹಬ್ಬಿತೋ, ಅಥವಾ ನಾನು ಕೈ ಹಾಕದಿದ್ದರೂ ಬಲದ್ದು ತಾನಾಗಿ ಹಾಗೇ ಆಗುತ್ತಿತ್ತೋ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಲೇಪ ಎಷ್ಟು ತೆಳ್ಳಗಿತ್ತು, ನಾನು ಮುಟ್ಟದ ಕಡ್ಡಿಯಲ್ಲೂ ಅದು ಸವೆದು ಹೋಗಿದೆಯೇ ಎಂಬುದನ್ನು ತಿಳಿಯುವ ದಾರಿ ತಮ್ಮ ಕಪಾಟಿನಲ್ಲಿ, ಆ ಲಕೋಟೆಯೊಳಗಿದೆ. ಬಲಗಿವಿಯ ಕಡ್ಡಿಯನ್ನು ಕತ್ತರಿಸಿ ನೋಡಿ. ಇನ್ನು ಮುಂದೆ ಮುದ್ರೆ ಒತ್ತುವ ಪ್ರತಿಯೊಂದು ಓಲೆಯ ಕಡ್ಡಿಯನ್ನೂ ಪರೀಕ್ಷೆಯೊಳಗೆ ತನ್ನಿ. ಕಂಡದ್ದನ್ನು ಕಂಡ ಹಾಗೆ, ಮಗಳ ಹೆಸರಿಗೇ ಬರೆಯಿರಿ. ತಪ್ಪು ಅಪ್ಪನದೇ ಎಂದಾದರೆ ಹಾಗೆಯೇ ಬರೆಯಿರಿ. ಅವಳು ಈ ಸಲ ಅದನ್ನು ಬಚ್ಚಿಡಬೇಕಾಗಿಲ್ಲ. ಯಾಕೆಂದರೆ ಈ ಪತ್ರವನ್ನು ಪೇಪರಿಗೂ ಕಳಿಸಿದ್ದೇನೆ; ಇದು ಅಚ್ಚಾದ ದಿನ ಜೆರಾಕ್ಸ್ ಅಂಗಡಿಗೆ ಬರುವ ಪೇಪರಿನಲ್ಲಿ ಅವಳೇ ಮೊದಲು ಓದುತ್ತಾಳೆ, ಅಪ್ಪನಿಗೆ ಎಲ್ಲ ಗೊತ್ತಿದೆ ಅಂತ.

ಇಂತಿ,
ಈ ಪ್ರಕರಣದಲ್ಲಿ ಈವರೆಗೆ ತಪ್ಪು ಒಪ್ಪಿಕೊಂಡಿರುವ ಒಬ್ಬನೇ ಒಬ್ಬ,
ಬೀಗದ ಕೈ ಮಾಡುವವನು