ಎಡಕ್ಕೊಂದು, ಬಲಕ್ಕೊಂದು

ವುಡ್‌ಬ್ರಿಡ್ಜ್, ನ್ಯೂಜೆರ್ಸಿ
ಶನಿವಾರ, ೧೯ ಅಕ್ಟೋಬರ್ ೧೯೭೪

ಪ್ರೀತಿಯ ಅನಸೂಯಾ,

ಹೀಗೆ ಕರೆದದ್ದಕ್ಕೆ ಗಾಬರಿಯಾಗಬೇಡ. ಈ ದೇಶದಲ್ಲಿ ಎಲ್ಲರೂ ಎಲ್ಲರಿಗೂ ಹೀಗೆಯೇ ಬರೆಯುತ್ತಾರೆ. ಗ್ಯಾಸ್ ಕಂಪನಿಯವರು ಕೂಡ ನಮ್ಮ ಅಳಿಯಂದಿರಿಗೆ ‘ಡಿಯರ್’ ಎಂದೇ ಬಿಲ್ಲು ಕಳಿಸುತ್ತಾರೆ. ಅವರೇ ಬರೆಯುವಾಗ ನಾನು ಬರೆದರೆ ತಪ್ಪೇನಿಲ್ಲ. ನಿನ್ನ ಆರೋಗ್ಯ ಹೇಗಿದೆ? ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಶೀಶೆ ಕಪಾಟಿನಲ್ಲೇ ಕೂತಿದೆಯೋ? ನವರಾತ್ರಿ ಶುರುವಾಗಿದೆ. ಬೊಂಬೆ ಇಳಿಸಲು ನೀನೇ ಏಣಿ ಹತ್ತಲಿಲ್ಲ ಎಂದುಕೊಂಡಿದ್ದೇನೆ. ನಿನ್ನ ಮಗ ದಿವಾಕರನಿಗೆ ಪರೀಕ್ಷೆಯಿದ್ದರೂ ಅಟ್ಟ ಹತ್ತಿ ಇಳಿಯುವಷ್ಟು ಪುರುಸೊತ್ತು ಇದ್ದೇ ಇರುತ್ತದೆ. ಈ ಕಾಗದ ತಲುಪುವ ಹೊತ್ತಿಗೆ ಬೊಂಬೆಗಳು ಮತ್ತೆ ಅಟ್ಟ ಸೇರಿರುತ್ತವೆ, ಅದು ಬೇರೆ ಮಾತು. ಇಲ್ಲಿ ಪಂಕಜಾ ಪುಸ್ತಕದ ಬೀರುವಿನ ಮೇಲೆ ಎರಡೇ ಎರಡು ಪಟ್ಟದ ಬೊಂಬೆ ಕೂರಿಸಿ, ಅಮೆರಿಕದ ಸೇಬನ್ನು ನೈವೇದ್ಯಕ್ಕಿಟ್ಟಿದ್ದಾಳೆ. ಕಡಲೆಕಾಳಿನ ಉಸಲಿ ನಿನ್ನದರ ಹಾಗೆ ಆಗುವುದಿಲ್ಲ. ಇದನ್ನು ಅವಳಿಗೆ ಹೇಳಿಲ್ಲ, ನೀನೂ ಹೇಳಬೇಡ.

ನಾನು ಚೆನ್ನಾಗಿದ್ದೇನೆ. ಬೀದಿಯ ಮರಗಳೆಲ್ಲ ಅರಿಶಿನ ಕುಂಕುಮದ ಬಣ್ಣಕ್ಕೆ ತಿರುಗಿ ನಿಂತಿವೆ. ಅಳಿಯಂದಿರ ಹಳೆಯ ಕೋಟು ಹಾಕಿಕೊಂಡು ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆ. ತೋಳು ಬೆರಳಿನ ತುದಿಯವರೆಗೂ ಬರುವುದರಿಂದ ಕೈಗವಸೇ ಬೇಕಾಗಿಲ್ಲ. ಮಗಳ ಮನೆಯಲ್ಲಿ ಇಷ್ಟು ದಿನ ಉಳಿಯುವುದು ಹೇಗೆ ಎಂದು ಹೊರಡುವಾಗ ಹಿಂಜರಿದೆನಲ್ಲ, ಆ ಹಿಂಜರಿಕೆ ವಿಮಾನದಲ್ಲೇ ಎಲ್ಲೋ ಬಿದ್ದುಹೋಯಿತು. ಅಳಿಯಂದಿರು ಪ್ರಭಾಕರ ಅವರು ಆಸ್ಪತ್ರೆಯಿಂದ ಎಷ್ಟು ದಣಿದು ಬಂದರೂ ನನ್ನ ಪಕ್ಕ ಒಂದು ಗಳಿಗೆ ಕೂರದೆ ಒಳಗೆ ಹೋಗುವುದಿಲ್ಲ.

ನನ್ನನ್ನು ಕಿವಿಯ ಡಾಕ್ಟರರ ಬಳಿ ಕರೆದುಕೊಂಡು ಹೋದದ್ದನ್ನು ಆಗಸ್ಟ್‌ನಲ್ಲೇ ನಿನಗೆ ಬರೆದಿದ್ದೆ. ಕಿವಿಯೊಳಗೆ ಸಣ್ಣ ಸಣ್ಣ ಮೂರು ಮೂಳೆಗಳಂತೆ. ಕೊನೆಯದು ನನಗೆ ಗಟ್ಟಿಯಾಗಿ ಕಚ್ಚಿಕೊಂಡಿದೆಯಂತೆ. ಅದನ್ನು ತೆಗೆದು ತಂತಿಯಂಥ ಬೇರೊಂದನ್ನು ಕೂರಿಸಿದರೆ ಕೇಳುತ್ತದೆ, ಒಳಗಿನ ನರ ಚೆನ್ನಾಗಿಯೇ ಇದೆ ಎಂದರು. ನೂರರಲ್ಲಿ ಒಬ್ಬಿಬ್ಬರಿಗೆ ಇರುವುದೂ ಹೋಗಬಹುದು ಎಂದೂ ಮುಚ್ಚಿಡದೆ ಹೇಳಿದರು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು, ಆದರೂ ಆ ಒಬ್ಬಿಬ್ಬರಲ್ಲಿ ನಾನೇ ಕಂಡೆ. ಬೇಡ ಎಂದು ಎದ್ದುಬಂದೆ. ಪಂಕಜಾ ಕಾರಿನಲ್ಲಿ ಮಾತಾಡಲಿಲ್ಲ. ಮಾತಾಡಿದ್ದರೂ ನನಗೆ ಕೇಳುತ್ತಿರಲಿಲ್ಲ ಅನ್ನು. ನಿಜ ಹೇಳಬೇಕೆಂದರೆ, ನರ ಚೆನ್ನಾಗಿದೆ ಎಂಬ ಮಾತನ್ನೇ ನಾನು ನಂಬಿರಲಿಲ್ಲ. ಬೆಂಗಳೂರಿನಲ್ಲಿ ಕೊಂಡ ಆ ಯಂತ್ರ ಕಿವಿಗಿಟ್ಟರೆ ಎಲ್ಲವೂ ಒಗ್ಗರಣೆ ಸಿಡಿದ ಹಾಗೆ ಕೇಳುತ್ತಿತ್ತಲ್ಲ. ಅದು ಯಂತ್ರದ ದೋಷವಲ್ಲ, ನನ್ನ ಕಿವಿಯೇ ಸತ್ತಿದೆ ಎಂದುಕೊಂಡಿದ್ದೆ.

ಆಮೇಲೆ ನಡೆದದ್ದು ಈ ಕಾಗದದ ಮುಖ್ಯ ವಿಷಯ. ನಾವಿರುವುದು ಮಹಡಿಯ ಮೇಲೆ. ಕೆಳಗೆ ಮನೆಯ ಯಜಮಾನ ಟೋನಿ ಇದ್ದಾನೆ. ಇಟಲಿಯ ಕಡೆಯವನು, ಮೊದಲು ಟಿವಿ ರಿಪೇರಿಯ ಅಂಗಡಿ ಇಟ್ಟಿದ್ದವನು. ನನ್ನನ್ನು ‘ಪಾಪ್’ ಎಂದು ಕರೆಯುತ್ತಾನೆ. ನನ್ನ ಸ್ಥಿತಿ ನೋಡಿ ಪಾಪ ಎಂದು ಕನಿಕರಪಡುತ್ತಿದ್ದಾನೆ ಎಂದುಕೊಂಡಿದ್ದೆ. ಇಲ್ಲಿ ಅದು ಅಪ್ಪ ಎಂಬುದಕ್ಕೆ ಹೇಳುವ ಮಾತಂತೆ. ಅವನ ಹೆಂಡತಿ ನರ್ಸು, ರಾತ್ರಿ ಪಾಳಿ, ಹಗಲು ನಿದ್ದೆ. ಪಂಕಜಾ, ಅಳಿಯಂದಿರು ಇಬ್ಬರೂ ಕೆಲಸಕ್ಕೆ ಹೋದಮೇಲೆ ನಾನು ಟಿವಿ ಹಾಕಿಕೊಂಡು ಕೂರುತ್ತಿದ್ದೆ. ಎಷ್ಟು ಜೋರಾಗಿ ಹಾಕಿರುತ್ತಿದ್ದೆ ಎಂಬುದು ನನಗೊಬ್ಬನಿಗೆ ಬಿಟ್ಟು ಇಡೀ ಬೀದಿಗೆ ಗೊತ್ತಿತ್ತು. ಟೋನಿ ಪಂಕಜಾಳ ಬಳಿ ಬಹಳ ಸಂಕೋಚದಿಂದ ಹೇಳಿದನಂತೆ. ಅಂದಿನಿಂದ ನಾನು ಟಿವಿ ಮುಟ್ಟಲಿಲ್ಲ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದೆ. ಅಳಿಯಂದಿರು ಆಪರೇಷನ್ನಿನ ಮಾತೆತ್ತಿದರೆ ನಗುತ್ತಾ ತಲೆಯಾಡಿಸಿಬಿಡುತ್ತಿದ್ದೆ. ಹಾಗೆ ತಲೆಯಾಡಿಸುವುದರಲ್ಲಿ ನಾನು ಎಂಥ ನಿಪುಣ ಎಂಬುದು ನಿನಗೆ ಗೊತ್ತೇ ಇದೆ.

ನಿನ್ನ ಮಗಳು ಸುಮ್ಮನಿರುವವಳೇ? ಮಾರಿಸ್‌ಟೌನಿನ ಕಂಪನಿಯಲ್ಲಿ ದಿನವಿಡೀ ಟೆಲಿಫೋನಿನ ಬಿಡಿಭಾಗಗಳನ್ನು ಪರೀಕ್ಷೆ ಮಾಡಿ, ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದು, ಮತ್ತೆ ಅಡುಗೆಮನೆಯ ಮೇಜಿನ ಮೇಲೆ ಬೆಸುಗೆ ಕಡ್ಡಿ ಹಿಡಿದು ಕೂತಳು. ಹೈಸ್ಕೂಲಿನಲ್ಲಿದ್ದಾಗ ನಮ್ಮ ರೇಡಿಯೋ ಬಿಚ್ಚಿಹಾಕಿ ನಿನ್ನ ಕೈಯಲ್ಲಿ ಬೈಸಿಕೊಂಡವಳು, ಈಗ ಬೈಯುವವರಿಲ್ಲ. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೆಂದೇ ಒಂದು ಆಂಪ್ಲಿಫಯರ್ ಮಾಡುತ್ತೇನೆ, ಎಷ್ಟು ಜೋರಾಗಿ ಬೇಕಾದರೂ ಇಟ್ಟುಕೊಳ್ಳಿ, ಕೆಳಗಿನವರಿಗೆ ಒಂದಕ್ಷರ ಕೇಳುವುದಿಲ್ಲ ಎಂದಳು. ಟೋನಿ ಬಿಸ್ಕತ್ತಿನ ಡಬ್ಬದ ತುಂಬ ಹಳೆಯ ವಾಲ್ವ್‌ಗಳನ್ನು ತಂದುಕೊಟ್ಟ. ನಾವು ವಾಲ್ವ್ ಅನ್ನುವುದಕ್ಕೆ ಇಲ್ಲಿ ಟ್ಯೂಬ್ ಅನ್ನುತ್ತಾರೆ. ಅದೇ ಗಾಜಿನ ಬುರುಡೆ, ಒಳಗೆ ಅದೇ ಕೆಂಪು ಕಿಡಿ. ಈಗೆಲ್ಲ ಟ್ರಾನ್ಸಿಸ್ಟರ್ ಬಂದಮೇಲೆ ಇವನ್ನು ಕೇಳುವವರಿಲ್ಲವಂತೆ. ಪೆಟ್ಟಿಗೆ ಸಿದ್ಧವಾದ ದಿನ ಅಳಿಯಂದಿರ ಹೆಡ್‌ಫೋನ್ ಹಾಕಿಕೊಂಡೆ. ಒಂದೊಂದು ಕಿವಿಗೂ ಒಂದೊಂದು ತೆಂಗಿನಚಿಪ್ಪು ಕಟ್ಟಿದಂತಿತ್ತು. ಸದ್ದೋ, ಬಾವಿಯ ತಳದಲ್ಲಿ ಯಾರೋ ಗೊಣಗಿದ ಹಾಗೆ. ಪಂಕಜಾಳ ಮುಖ ಬಾಡಿತು. ನಾನು ಎಂದಿನಂತೆ ತಲೆಯಾಡಿಸಿ, ಬಹಳ ಚೆನ್ನಾಗಿದೆ ಎಂದೆ. ಅವಳು ನನ್ನ ಮುಂದೆ ಮಂಡಿಯೂರಿ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು: “ಅಪ್ಪ, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನಿ. ಇಲ್ಲದಿದ್ದರೆ ನಾನು ಹ್ಯಾಗೆ ರಿಪೇರಿ ಮಾಡಲಿ?”

ತಪ್ಪು ಪೆಟ್ಟಿಗೆಯದಲ್ಲ, ಜೋಡಿಯದು ಎಂದು ಅವಳೇ ಕಂಡುಹಿಡಿದಳು. ನನಗೆ ಅರ್ಥವಾದ ಮಟ್ಟಿಗೆ ಬರೆಯುತ್ತೇನೆ, ದಿವಾಕರ ಓದಿ ನಗಲಿ. ಈ ಟ್ಯೂಬುಗಳು ಬಡಕಲು ಎತ್ತುಗಳಿದ್ದಂತೆ, ಓಟ ಚುರುಕು, ಭಾರ ಎಳೆಯಲಾರವು. ಅಳಿಯಂದಿರ ಹೆಡ್‌ಫೋನ್ ಕಲ್ಲು ತುಂಬಿದ ಗಾಡಿ, ಕರೆಂಟನ್ನು ಗಟಗಟ ಕುಡಿಯುವ ಜಾತಿ. ಹಗುರ ಗಾಡಿಯಂಥ ಹೆಡ್‌ಫೋನ್ ಬೇರೆ ಇದೆ, ತಂತಿ ಕೂದಲಿನಷ್ಟು ತೆಳುವಾಗಿ ಬಹಳ ಸುತ್ತು ಸುತ್ತಿರುತ್ತಾರೆ, ಅದಕ್ಕೆ ಈ ಟ್ಯೂಬು ಹೇಳಿಮಾಡಿಸಿದ ಹಾಗೆ. ಅಂಥದ್ದು ಲಾಂಗ್ ಐಲೆಂಡಿನ ಹಿಕ್ಸ್‌ವಿಲ್‌ನಲ್ಲಿ ಪಂಚಾಕ್ಷರಯ್ಯ ಎಂಬುವರ ಬಳಿ ಇದೆ ಎಂದು ಅಳಿಯಂದಿರಿಗೆ ನೆನಪಾಯಿತು. ಧಾರವಾಡದ ಕಡೆಯವರು, ಜರ್ಮನಿಯಲ್ಲಿ ಓದಿ ಬಂದ ಇಂಜಿನಿಯರು. ಭಾನುವಾರ ಮೂವರೂ ಅಷ್ಟು ಸೇತುವೆಗಳನ್ನು ದಾಟಿ ಹೋದೆವು. ಅವರ ಮನೆಯವರು ಜೋಳದ ರೊಟ್ಟಿ, ಎಣಗಾಯಿ ಬಡಿಸಿದರು. ಅಲ್ಲಿ ಜೋಳದ ಹಿಟ್ಟು ಎಲ್ಲಿ ಸಿಕ್ಕಿತೋ ಕೇಳಲು ಮರೆತೆ. ಬೀರುವಿನಿಂದ ತೆಗೆದು ಕೈಗಿಟ್ಟದ್ದು ಹಕ್ಕಿಯಷ್ಟು ಹಗುರ, ಕಿವಿಗೆ ತಾಗುವ ಕಡೆ ಹಳದಿ ಸ್ಪಂಜು. ನಾಲ್ಕು ದಿನ ಕೊಟ್ಟರೆ ಸಾಕು ಎಂದೆ. ಪಂಚಾಕ್ಷರಯ್ಯನವರು ನನ್ನ ಕಿವಿಯ ಹತ್ತಿರ ಬಂದು ಗಟ್ಟಿಯಾಗಿ ಹೇಳಿದರು: “ಒಯ್ರಿ ಮಾಸ್ತರ, ಇಲ್ಲಿ ಸುಮ್ನ ಬಿದ್ದದ. ನೀವು ಕೇಳಿದ್ರ ಅದಕ್ಕೂ ಒಂದು ಕೆಲಸ ಆಗ್ತದ.”

ಮನೆಗೆ ಬಂದು ಹಾಕಿಕೊಂಡರೆ, ಅನಸೂಯಾ, ಏನು ಹೇಳಲಿ. ಬಲಗಿವಿಯಲ್ಲಿ ರೆಕಾರ್ಡಿನ ಪಿಟೀಲು ಪಿಟೀಲಾಗಿಯೇ ಕೇಳಿತು. ಕಮಾನು ತಿರುಗಿಸುವಾಗ ಆಗುವ ಆ ಸಣ್ಣ ಕಿರಗುಟ್ಟುವಿಕೆಯ ಸಮೇತ. ಎಡಗಡೆ ಮಾತ್ರ ಮಂದ. ಈ ಸಲ ತಲೆಯಾಡಿಸಲಿಲ್ಲ, ಎಡಕ್ಕೆ ಸಾಲದು ಎಂದು ಹೇಳಿದೆ. ಎಡಕ್ಕೊಂದು, ಬಲಕ್ಕೊಂದು ಟ್ಯೂಬ್ ಇರುತ್ತದೆ, ಎರಡೂ ಒಂದೇ ಸಮ ಇರಬೇಕು ಎಂದು ಪಂಕಜಾ ಡಬ್ಬ ಸುರಿದುಕೊಂಡು ಟೋನಿಯ ಮೀಟರಿನಲ್ಲಿ ಒಂದೊಂದನ್ನೇ ಅಳೆದು ಅಕ್ಕತಂಗಿಯರಂಥ ಜೋಡಿ ಹುಡುಕಿದಳು. ಆದರೂ ಎಡ ಮಂದವೇ. ಕೊನೆಗೆ ನಾನೇ ಹೇಳಿದೆ, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕು, ಮಂದ ಜಾಗ ಬದಲಾದರೆ ಟ್ಯೂಬಿನ ತಪ್ಪು, ಇಲ್ಲದಿದ್ದರೆ ನನ್ನದು ಎಂದು. ಹಾಕಿದಳು. ಬದಲಾಗಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು, ಹೇಳಲು ಮನಸ್ಸು ಬಂದಿರಲಿಲ್ಲ ಎಂದು ಮುಖ ನೋಡಿಯೇ ತಿಳಿಯಿತು. ಮಾರನೆಯ ದಿನ ಸದ್ದು ಏರಿಸಲು ಎಡಗಿವಿಗೇ ಬೇರೆ ತಿರುಪು, ಬಲಗಿವಿಗೇ ಬೇರೆ ತಿರುಪು ಕೂರಿಸಿದಳು. ಎಡದ್ದನ್ನು ಬಹಳ ತಿರುಗಿಸಿದೆ. ತಿರುಗಿಸುತ್ತಾ ಹೋದಂತೆ ಬಲಗಡೆ ಇದ್ದ ಪಿಟೀಲು ಮೆಲ್ಲಗೆ ಸರಿದು ನೆತ್ತಿಯ ನಡುವೆ ಬಂದು ನಿಂತಿತು. ಒಡೆದ ಸದ್ದಿಲ್ಲ, ಸಿಡಿತವಿಲ್ಲ. ಆಗ ಡಾಕ್ಟರರ ಮಾತು ನೆನಪಾಯಿತು. ದಾರಿ ಕಟ್ಟಿದೆಯೇ ಹೊರತು ಒಳಗೆ ಕೇಳುವವನು ಎದ್ದೇ ಕೂತಿದ್ದಾನೆ.

ಪಂಕಜಾ ತನ್ನ ಮದುವೆಯ ಟೇಪು ಹಾಕಿದಳು. ಅಳಿಯಂದಿರ ಸ್ನೇಹಿತರೊಬ್ಬರು ಛತ್ರದಲ್ಲಿ ಟೇಪ್ ರೆಕಾರ್ಡರ್ ತಂದು ಮಂಟಪದ ಪಕ್ಕ ಇಟ್ಟಿದ್ದರಲ್ಲ, ನಿನಗೆ ಜ್ಞಾಪಕವಿರಬೇಕು. ನಾಗಸ್ವರ, ಮಂತ್ರ, ಯಾರದೋ ಮಗುವಿನ ಅಳು. ಧಾರೆ ಮುಗಿದು ಗಟ್ಟಿಮೇಳ ನಿಂತ ಮೇಲೆ, ಬಹಳ ಹತ್ತಿರದಲ್ಲಿ ನಿನ್ನ ದನಿ. “ರೀ, ನಾಳೆಯಿಂದ ಪಂಕೂ ನಮ್ಮನೇಲಿ ಇರಲ್ಲ.” ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ನೀನೇ: “ಹೋಗ್ಲಿ ಬಿಡಿ.” ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ ಅನಸೂಯಾ. ಮಗಳ ಕೈ ಧಾರೆಯೆರೆದು ಕೊಟ್ಟ ನೀರು ಇನ್ನೂ ನನ್ನ ಅಂಗೈಯಲ್ಲಿತ್ತು. ನೀನು ಮಾತಾಡಿದ್ದೇ ನನಗೆ ತಿಳಿಯಲಿಲ್ಲ. ನಾಲ್ಕು ವರ್ಷದ ಮೇಲೆ, ಏಳು ಸಮುದ್ರದಾಚೆ, ಯಾರದೋ ಹೆಡ್‌ಫೋನಿನಲ್ಲಿ ಕೇಳಿದೆ. ಟೇಪು ಹಿಂದಕ್ಕೆ ತಿರುಗಿಸು ಎಂದೆ. ಪಂಕಜಾಳಿಗೆ ಯಾತಕ್ಕೆ ಎಂದು ಗೊತ್ತಾಗದೆ ಮೂರು ಸಲ ತಿರುಗಿಸಿದಳು. ನಾಲ್ಕನೆಯ ಸಲ ಹೆಡ್‌ಫೋನು ತೆಗೆದು ಅವಳ ತಲೆಗೇ ಹಾಕಿದೆ. ಕೇಳಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ಕಾಫಿ ಮಾಡಲು ಎದ್ದುಹೋದಳು. ಆ ಮಾತಿಗೆ ಅಂದು ಉತ್ತರ ಕೊಡಲಿಲ್ಲವಾದ್ದರಿಂದ ಈಗ ಕೊಡುತ್ತಿದ್ದೇನೆ: ನನಗೂ ಹಾಗೇ ಅನ್ನಿಸಿತ್ತು. ಅದಕ್ಕೇ ಅಂದು ಊಟಕ್ಕೆ ಎಲ್ಲರಿಗಿಂತ ಕೊನೆಯಲ್ಲಿ ಕೂತದ್ದು.

ಈಗ ಹಗಲೆಲ್ಲ ಪೆಟ್ಟಿಗೆಯ ಮುಂದೆ ನನ್ನ ಠಿಕಾಣಿ. ಕೆಳಗಿನ ಮನೆಯಾಕೆ ಸುಖವಾಗಿ ನಿದ್ದೆ ಮಾಡುತ್ತಾಳೆ, ಹೋದ ವಾರ ಕೃತಜ್ಞತೆಗೆಂದು ಒಂದು ಕೇಕು ಕಳಿಸಿದ್ದಳು. ಮೊಟ್ಟೆ ಹಾಕಿರುತ್ತಾರೆ ಎಂದು ಪಂಕಜಾ ಪೋಸ್ಟ್‌ಮನ್ನಿಗೆ ಕೊಟ್ಟಳು. ಟೋನಿ ಆಗಾಗ ಮೇಲೆ ಬಂದು, ಟ್ಯೂಬುಗಳು ಉರಿಯುವುದನ್ನು ತನ್ನ ಹಳೆಯ ಸ್ನೇಹಿತರನ್ನು ನೋಡುವ ಹಾಗೆ ನೋಡಿ ಹೋಗುತ್ತಾನೆ. ಅಳಿಯಂದಿರು ಲೈಬ್ರರಿಯಿಂದ ರೆಕಾರ್ಡುಗಳನ್ನು ತರುತ್ತಾರೆ. ಇಂಗ್ಲಿಷ್ ಸಂಗೀತದಲ್ಲಿ ನಲವತ್ತು ಪಿಟೀಲು ಒಟ್ಟಿಗೆ ಬಾರಿಸುತ್ತಾರೆ, ಒಬ್ಬರೂ ತಪ್ಪುವುದಿಲ್ಲ. ನಮ್ಮ ಕಡೆ ಎರಡು ಸೇರಿದರೆ ಜಗಳ. ಡಿಸೆಂಬರಿನಲ್ಲಿ ಹೊರಡುತ್ತೇನೆ. ದಿನಾಂಕ ಗೊತ್ತಾದ ಕೂಡಲೇ ತಿಳಿಸುತ್ತೇನೆ.

ದಿವಾಕರನಿಗೆ ಪರೀಕ್ಷೆ ಚೆನ್ನಾಗಿ ಆಗಲಿ ಎಂದು ಆಶೀರ್ವಾದ. ಅಕ್ಕಪಕ್ಕದವರಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಮಂಡಿನೋವು ಬೇಗ ವಾಸಿಯಾಗಲಿ, ದೇವರು ಚೆನ್ನಾಗಿಟ್ಟಿರಲಿ.

ಇಂತು ನಿನ್ನ,
ಶಂಕರನಾರಾಯಣ

ಮರೆತ ಮಾತು: ಪಂಕಜಾ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಪೋಸ್ಟಾಫೀಸು ಶನಿವಾರ ಬೇಗ ಮುಚ್ಚುತ್ತದೆ. ನಾನು ಬರೆಯದಿದ್ದರೆ ತಾನೇ ಬರೆಯುತ್ತೇನೆ ಎಂದು ಹೆದರಿಸುತ್ತಿದ್ದಾಳೆ, ಅದಕ್ಕೆ ಬರೆಯುತ್ತಿದ್ದೇನೆ. ಮದುವೆಯ ಟೇಪು ಕೇಳಿದ ಮಾರನೆಯ ಬೆಳಿಗ್ಗೆ ಡಾಕ್ಟರರಿಗೆ ಫೋನ್ ಮಾಡಿಸಿದೆ. ಎಡಗಿವಿಯ ಆಪರೇಷನ್ ಈ ತಿಂಗಳ ಮೊದಲಲ್ಲಿ ಆಯಿತು. ಎರಡು ದಿನ ತಲೆ ತಿರುಗಿತು, ಈಗ ಏನೂ ಇಲ್ಲ. ಮೊನ್ನೆ ಹತ್ತಿ ತೆಗೆದರು. ಮೊದಲು ಕೇಳಿದ್ದು ಡಾಕ್ಟರರು ಮಡಿಸುತ್ತಿದ್ದ ಕಾಗದದ ಸರಸರ. ಆಮೇಲೆ ಅಳಿಯಂದಿರು ಹಿಂದೆ ನಿಂತು ಮೆತ್ತಗೆ “ಮಾವ, ಕೇಳ್ತಾ ಇದೆಯಾ?” ಎಂದರು. ತಿರುಗಿ ನೋಡದೆಯೇ ಹೂಂ ಎಂದೆ. ಅಷ್ಟು ದೊಡ್ಡ ಡಾಕ್ಟರಾದ ಅವರು ಗೋಡೆಯ ಕಡೆ ತಿರುಗಿಕೊಂಡುಬಿಟ್ಟರು. ಮೊದಲೇ ತಿಳಿಸಿದ್ದರೆ ನೀನು ಅಲ್ಲಿ ಒಬ್ಬಳೇ ಉಪವಾಸ ಕೂರುತ್ತಿದ್ದೆ ಎಂದು ಎಲ್ಲರೂ ಸೇರಿ ಮುಚ್ಚಿಟ್ಟೆವು. ಅದಕ್ಕೆ ಕೋಪ ಬಂದಿದ್ದರೆ ಕಾಗದದಲ್ಲಿ ಬೈಯಬೇಡ. ನಾನು ಬರುವವರೆಗೆ ಇಟ್ಟುಕೊಂಡಿರು. ಎದುರಿಗೆ ಕೂತು, ಮೆಲ್ಲಗೆ ಬೈಯಿ. — ಶಂ.